ಎಡಗೈಯವಳ ಬತ್ತಿ

ಸೊಲಾಂಜ್ ಬೆಳಗ್ಗೆ ಕಾಫಿಗೆ ನೀರಿಡುವ ಮುಂಚೆ ಎರಡು ಸಲ ಕೈ ತೊಳೆಯುತ್ತಾಳೆ. ಮೊದಲನೆಯದು ನಿದ್ದೆ ಕಳೆಯಲಿಕ್ಕೆ, ಎರಡನೆಯದು ಬಟ್ಟೆ ಮುಟ್ಟಲಿಕ್ಕೆ. ಬೇರೆ ಯಾರೂ ಬಳಸದ ಬಿಳಿ ಟವೆಲಿನಿಂದ ಬೆರಳಸಂದಿಗಳನ್ನು ಒರೆಸಿಕೊಂಡು, ಕಪಾಟಿನ ಮೇಲಿಟ್ಟ ದಿಂಬಿನ ಚೀಲದೊಳಗಿಂದ ಒಂದು ಬಿಳಿ ಬಟ್ಟೆಯ ಚೌಕವನ್ನು ತೆಗೆದು, ಅಡುಗೆಮನೆಯ ಪೂರ್ವದ ಕಿಟಕಿಗೆ ಎತ್ತಿ ಹಿಡಿಯುತ್ತಾಳೆ. ಹತ್ತಿಯ ಬತ್ತಿ ತುಂಬಿದ ಜಾಗ ಗಟ್ಟಿ ಹಾಲಿನಂತೆ ಕಾಣುತ್ತದೆ. ತುಂಬದ ಜಾಗದಲ್ಲಿ ಬೆಳಕು ಸೋರುತ್ತದೆ. ಹೊಲಿಗೆಯ ನಡುವಿನ ನಾಳಗಳಲ್ಲಿ ಬೆಳಕು ಸೋರುವಂಥವು ಇನ್ನೆಷ್ಟಿವೆ ಎಂದು ನೋಡಿಕೊಂಡು, ಮಡಿಸಿ ಒಳಗಿಡುತ್ತಾಳೆ. ಆಮೇಲೆ ಕಾಫಿ. ಜ್ವರ ಬಂದ ದಿನವೂ, ಮಿಸ್ತ್ರಾಲ್ ಗಾಳಿ ಬೀಸಿ ಕಿಟಕಿಯ ಹೊರಬಾಗಿಲು ಕಿತ್ತುಹೋದ ದಿನವೂ ಇದನ್ನು ತಪ್ಪಿಸಿದ್ದಿಲ್ಲ.

"ಅಷ್ಟು ಹೊತ್ತು ಯಾರೂ ನನ್ನ ಕರೆಯೋದಿಲ್ಲ," ಎಂದಿದ್ದಳು ನನ್ನೊಡನೆ ಒಮ್ಮೆ. "ಎರಡು ನಿಮಿಷ ಅಷ್ಟೆ. ಆಮೇಲೆ ಶುರು."

ಅವಳಿಗೆ ಐವತ್ತೊಂಬತ್ತು. ನಮ್ಮೂರ ಶಾಲೆಯ ಊಟದ ಮನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಕೆಲಸ. ನೂರಹತ್ತು ಮಕ್ಕಳಿಗೆ ಬಡಿಸಿ, ತಟ್ಟೆ ತೊಳೆದು, ನೆಲ ಒರೆಸಿ ಮೂರು ಗಂಟೆಗೆ ಮನೆಗೆ ಬಂದರೆ ಅಲ್ಲಿ ಅತ್ತೆ ಮಾರ್ತ್ ಕಾದಿರುತ್ತಾರೆ. ಅವರಿಗೆ ತೊಂಬತ್ತೊಂದು. ಕಣ್ಣು ಬಹುಪಾಲು ಹೋಗಿದೆ, ನೆನಪು ಅದಕ್ಕೂ ಮುಂಚೆಯೇ ಹೋಗಿದೆ. ಬೆಳಗ್ಗೆ ನರ್ಸ್ ಬಂದು ಸ್ನಾನ ಮಾಡಿಸಿ ಹೋಗುತ್ತಾಳೆ, ಮಧ್ಯಾಹ್ನ ಮಗ ರೇಮೋನ್ ಸೂಪು ಕುಡಿಸುತ್ತಾನೆ, ಉಳಿದದ್ದೆಲ್ಲ ಸೊಲಾಂಜಳ ಪಾಲು. ರೇಮೋನ್ ದ್ರಾಕ್ಷಿತೋಟದ ಕೆಲಸದಲ್ಲಿ ಬೆನ್ನು ಕೆಡಿಸಿಕೊಂಡು ಮನೆಯಲ್ಲಿದ್ದಾನೆ. ಕೆಟ್ಟವನಲ್ಲ. ಆದರೆ ತಾಯಿಯ ಹಾಸಿಗೆ ಬದಲಿಸಬೇಕಾದ ಹೊತ್ತಿಗೆ ಸರಿಯಾಗಿ ಅವನ ಬೆನ್ನು ನೆನಪಿಗೆ ಬರುತ್ತದೆ.

ನಮ್ಮ ಕಡೆ ಈ ಬಿಳಿ ಕೆಲಸಕ್ಕೆ ಬೂತಿ ಎನ್ನುತ್ತಾರೆ. ಎರಡು ತೆಳು ಮಲ್ ಬಟ್ಟೆಗಳನ್ನು ಒಂದರ ಮೇಲೊಂದು ಇಟ್ಟು, ಪೆನ್ಸಿಲಿನ ಗೆರೆಗಳ ಮೇಲೆ ಸಣ್ಣ ಸಣ್ಣ ಹೊಲಿಗೆ ಹಾಕಿ, ಹಿಂಬದಿಯಿಂದ ಮೊಂಡು ದಬ್ಬಳದಲ್ಲಿ ಹತ್ತಿಯ ಬತ್ತಿಯನ್ನು ನಾಳದೊಳಗೆ ಎಳೆಯುವುದು. ಬಟ್ಟೆಯನ್ನು ಕತ್ತರಿಸುವಂತಿಲ್ಲ, ಎಳೆಗಳನ್ನು ಸರಿಸಿ ದಾರಿ ಮಾಡಿಕೊಳ್ಳಬೇಕು. ಎಲ್ಲ ಮುಗಿದು ನೀರಿಗೆ ಹಾಕಿದಾಗ ಬತ್ತಿ ಉಬ್ಬಿ, ಸರಿದ ಎಳೆಗಳು ಮತ್ತೆ ಕೂಡಿಕೊಂಡು, ದಬ್ಬಳ ಎಲ್ಲಿ ಹೊಕ್ಕಿತ್ತು ಎಂಬುದೇ ತಿಳಿಯದಂತಾಗುತ್ತದೆ. ಒಂದು ಅಂಗೈಯಗಲಕ್ಕೆ ಒಂದು ವಾರ ಹಿಡಿಯುತ್ತದೆ. ನಮಗೆ ಯಾರಿಗೂ ಇದು ಕಸುಬಲ್ಲ. ಶನಿವಾರ ಮಧ್ಯಾಹ್ನ ಪಾದ್ರಿಗಳ ಹಳೆಯ ಮನೆಯ ಕೆಳಕೋಣೆಯಲ್ಲಿ ಏಳೆಂಟು ಜನ ಸೇರಿ, ಖುಷಿಗೆಂದು ಮಾಡುತ್ತೇವೆ.

ಸೊಲಾಂಜಳಿಗೆ ಇದನ್ನು ಕಲಿಸಿದವರು ಅತ್ತೆ ಮಾರ್ತ್. ಊರಿಗೆಲ್ಲ ಅವರು ಮಮೇ ಮಾರ್ತ್, ಮಾರ್ತಜ್ಜಿ. ಈ ಸುತ್ತಿನ ಊರುಗಳಲ್ಲಿ ಅವರ ಕೈಗೆ ಎದುರಿರಲಿಲ್ಲ. ಬಾಯಿಗೂ ಇರಲಿಲ್ಲ. ಹೊಸದಾಗಿ ಮದುವೆಯಾಗಿ ಬಂದ ಸೊಸೆ ಎಡಗೈಯವಳು ಎಂದು ತಿಳಿದ ದಿನ, "ಅಯ್ಯೋ ರೇಮೋನ್, ತಿರುಗುಮುರುಗಾದವಳನ್ನ ತಂದಿದೀಯಲ್ಲೋ," ಎಂದರಂತೆ. ಬಲಗೈಯವರು ದಬ್ಬಳವನ್ನು ಬಲದಿಂದ ಎಡಕ್ಕೆ ಓಡಿಸುತ್ತಾರೆ, ಎಡತುದಿಯಲ್ಲಿ ಬತ್ತಿಯನ್ನು ಕತ್ತರಿಸಿ ಒಳಕ್ಕೆ ತುರುಕುತ್ತಾರೆ. ಅಲ್ಲಿ ಅಕ್ಕಿನುಚ್ಚಿನಷ್ಟು ಒಂದು ಗಂಟು ಕೈಗೆ ಹತ್ತುತ್ತದೆ. ಸೊಲಾಂಜಳ ಗಂಟುಗಳೆಲ್ಲ ಬಲತುದಿಯಲ್ಲಿ. ತೊಳೆದ ಮೇಲೆ ಯಾರ ಗಂಟೂ ಉಳಿಯುವುದಿಲ್ಲ, ಆದರೂ ಮಮೇ ಮಾರ್ತ್ ಮೂವತ್ತೈದು ವರ್ಷ ಅದನ್ನೇ ಆಡಿದರು. ಚೆನ್ನಾಗಿದೆ ಎಂದು ಒಂದು ದಿನವೂ ಅಂದವರಲ್ಲ.

ಈಗ ಅವರಿಗೆ ಸೊಲಾಂಜ್ ಯಾರೆಂದು ಗೊತ್ತಿಲ್ಲ. ಬಟ್ಟೆ ಒಗೆಯಲು ಬರುವ ಹೆಂಗಸು ಎಂದುಕೊಂಡಿದ್ದಾರೆ.

"ಮದಾಮ್, ನಿಮಗೆ ಮನೆಗಿನೆ ಇಲ್ವಾ? ದಿನಾ ಇಲ್ಲೇ ಇರ್ತೀರಲ್ಲ," ಎಂದು ಕೇಳುತ್ತಾರೆ.

"ಇದೆ ಅತ್ತೆ. ಇದೇ ನನ್ನ ಮನೆ."

"ಅತ್ತೆ ಅಂತೀರಾ? ಸಲಿಗೆ ಜಾಸ್ತಿ ಆಯ್ತು ನಿಮ್ಮದು. ನನ್ನ ಸೊಸೆ ಬರಲಿ, ಹೇಳ್ತೀನಿ. ಅವಳು ಬೇರೆ ಎಲ್ಲಿ ಹೋದಳೋ."

ಇದನ್ನೆಲ್ಲ ಸೊಲಾಂಜ್ ನಮಗೆ ನಗುತ್ತಲೇ ಹೇಳುತ್ತಿದ್ದಳು. ಆ ನಗು ಅರ್ಧಕ್ಕೆ ನಿಂತು ಆಕಳಿಕೆಯಾಗುತ್ತಿತ್ತು. ಎಷ್ಟೋ ಶನಿವಾರ ಅವಳು ಸೂಜಿ ಹಿಡಿದುಕೊಂಡೇ ನಿದ್ದೆ ಹೋಗಿದ್ದುಂಟು. ಪಕ್ಕದಲ್ಲಿ ಕೂರುವ ನಾನು ಸೂಜಿಯನ್ನು ಮೆಲ್ಲಗೆ ತೆಗೆದು ಮೆತ್ತೆಗೆ ಚುಚ್ಚಿಡುತ್ತಿದ್ದೆ. ಎದುರು ಕೂರುವ, ಬಾಯಿ ಎಂದೂ ಸುಮ್ಮನಿರದ ಒದೀಲ್, "ಎಬ್ಬಿಸಬೇಡಿ. ಅವಳು ಕಣ್ಣು ಮುಚ್ಚಿ ಹೊಲಿದದ್ದು ನಾವು ಕಣ್ಣು ಬಿಟ್ಟು ಹೊಲಿದದ್ದಕ್ಕಿಂತ ಸಣ್ಣ ಇರುತ್ತೆ," ಎನ್ನುತ್ತಿದ್ದಳು.

ಹೋದ ಶರತ್ಕಾಲದಲ್ಲಿ ಸೊಲಾಂಜ್ ಈ ಚೌಕವನ್ನು ಹಿಡಿದಳು. ಮಗಳು ಕ್ಲೆಮಾನ್ಸ್ ಬಸುರಿಯಾಗಿದ್ದಳು. ಕೂಸಿನ ಜ್ಞಾನಸ್ನಾನದ ದಿನ ಎತ್ತಿಕೊಂಡವರ ಮಡಿಲಿಗೆ ಹಾಸುವ ಪೆತಸ್ಸೂನ್ ಇದು. ಕೂಸು ಒದ್ದೆ ಮಾಡಿದರೆ ಬಟ್ಟೆ ಕೆಡಬಾರದು ಎಂದು ಹುಟ್ಟಿದ ವಸ್ತು, ಆದರೆ ಮನೆಮನೆಯಲ್ಲೂ ತಲೆಮಾರುಗಳಿಂದ ಜೋಪಾನವಾಗಿ ಬಂದಿರುತ್ತದೆ. ರೇಮೋನನದನ್ನು, ಕ್ಲೆಮಾನ್ಸಳದನ್ನು ಮಮೇ ಮಾರ್ತ್ ಮಾಡಿದ್ದರು. ಇದು ಸೊಲಾಂಜಳ ಸರದಿ. ನಡುವೆ ಒಂದು ಹೂಜಿ, ಅದರ ಬಾಯಿಂದ ಹೊರಟ ದ್ರಾಕ್ಷಿಬಳ್ಳಿ, ಸುತ್ತಲೂ ಸಾಲು ಸಾಲು ಗೆರೆಗಳ ಅಂಚು. ಗೆರೆ ಎಳೆಯಲಿಕ್ಕೇ ಎರಡು ಭಾನುವಾರ ಹಿಡಿಯಿತು.

ನಮ್ಮ ಗುಂಪಿನ ಹಿರಿಯಳು ಮರೀಸ್ ಹೊಸಬರಿಗೆ ಮೊದಲ ದಿನವೇ ಒಂದು ಮಾತು ಹೇಳುತ್ತಾಳೆ. ಹೊಲಿಗೆಯೆಲ್ಲ ಮುಗಿಯುವ ತನಕ ಒಂದೇ ಒಂದು ಬತ್ತಿ ಒಳಗೆ ಹೋಗಕೂಡದು. ಬತ್ತಿ ಹೋದ ಕಡೆ ಬಟ್ಟೆ ಕುಗ್ಗುತ್ತದೆ. ಹೊಲಿಯದ ಭಾಗ ಕುಗ್ಗದೆ ಹಾಗೇ ಉಳಿದು, ಮೇಲಿನ ಪದರ ಒಂದು ಕಡೆ, ಕೆಳಗಿನದು ಇನ್ನೊಂದು ಕಡೆ ಎಳೆದು, ಇಡೀ ಕೆಲಸ ಸೊಟ್ಟಗಾಗುತ್ತದೆ. ಮೂವತ್ತೈದು ವರ್ಷ ಮಾಡಿದ ಸೊಲಾಂಜಳಿಗೆ ಇದನ್ನು ಯಾರೂ ಹೇಳಬೇಕಾಗಿರಲಿಲ್ಲ.

ನವೆಂಬರಿನ ಒಂದು ಮಧ್ಯಾಹ್ನ ಹೂಜಿಯ ಹೊಲಿಗೆ ಮುಗಿದಿತ್ತು. ಬತ್ತಿಯ ದಪ್ಪ ಸರಿಯಾಗಿದೆಯೇ ಎಂದು ನೋಡಲು ಅದರ ಒಂದು ನಾಳಕ್ಕೆ ಮಾತ್ರ ತುಂಬಿ ನೋಡಿದಳು. ಅಷ್ಟನ್ನು ನಾವೆಲ್ಲರೂ ಕಳ್ಳತನದಲ್ಲಿ ಮಾಡುತ್ತೇವೆ. ಅಷ್ಟರಲ್ಲಿ ಮಮೇ ಮಾರ್ತ್ ಕುರ್ಚಿಯಿಂದ ಏಳಲು ಹೊರಟರು. ಅವರನ್ನು ಹಿಡಿದು ಕೂರಿಸುವ ಅವಸರದಲ್ಲಿ ಬಟ್ಟೆಯನ್ನು ಅವರ ಮಡಿಲ ಮೇಲೆಯೇ ಬಿಟ್ಟಳು. ಮುದುಕಿಯ ಕೈ ತಾನಾಗಿ ಬಟ್ಟೆಯ ಮೇಲೆ ಓಡಿತು. ಹಿಂಬದಿಯನ್ನು ಮೇಲೆ ಮಾಡಿಕೊಂಡು, ಹೂಜಿಯ ಬಾಯಿ ಯಾವ ಕಡೆ ಎಂದು ಹುಡುಕಿ, ಬಟ್ಟೆಯನ್ನು ಸರಿಯಾಗಿ ತಿರುಗಿಸಿಕೊಂಡು, ನಾಳದ ಉದ್ದಕ್ಕೂ ಹೆಬ್ಬೆರಳು ಆಡಿಸಿದರು. ಎಡತುದಿಯಲ್ಲಿ ನಿಂತರು. ಏನೂ ಸಿಗಲಿಲ್ಲ. ಬಲತುದಿಗೆ ಬಂದರು.

"ಇದು ಎಡಗೈಯವಳ ಬತ್ತಿ," ಎಂದರು. "ನಮ್ಮ ರೇಮೋನನ ಹೆಂಡತೀದು. ಹೊಲಿಗೆ ನೋಡಿ, ಎಷ್ಟು ಬಿಗಿ. ನಾನು ಕಲಿಸಿದ್ದು. ಅವಳ ಮುಂದೆ ಹೇಳಬೇಡಿ, ತಲೆಗೇರುತ್ತೆ."

ಸೊಲಾಂಜ್ ಅಲ್ಲೇ ನೆಲದ ಮೇಲೆ ಕೂತಿದ್ದಳು. ಮಮೇ ಮಾರ್ತ್ ಸ್ವಲ್ಪ ಹೊತ್ತಾದ ಮೇಲೆ ಅವಳ ಕಡೆಗೆ ಮುಖ ತಿರುಗಿಸಿ, "ಸೊಲಾಂಜ್, ಊಟ ಆಯ್ತೇನೆ ನಿಂದು? ಒಣಗಿಹೋಗಿದೀಯ," ಎಂದರು. ಬಹುಶಃ ಹತ್ತು ನಿಮಿಷ ಅವಳು ಆ ಮನೆಯ ಸೊಸೆಯಾಗಿದ್ದಳು. ಕತ್ತಲಾಗುವ ಹೊತ್ತಿಗೆ ಮತ್ತೆ ಬಟ್ಟೆ ಒಗೆಯುವ ಮದಾಮ್ ಆದಳು.

ಮಾರನೆಯ ದಿನ ಅದೇ ನಾಳವನ್ನು ಮುಟ್ಟಿಸಿ ನೋಡಿದಳು. ಹೆಬ್ಬೆರಳು ತಿಕ್ಕಿ ತಿಕ್ಕಿ ಗಂಟು ಸಪಾಟಾಗಿತ್ತು. ಮುದುಕಿಗೆ ಏನೂ ತಿಳಿಯಲಿಲ್ಲ. ಹಾಗಾಗಿ ಸೊಲಾಂಜ್ ಇನ್ನೊಂದು ನಾಳಕ್ಕೆ ಬತ್ತಿ ಎಳೆದಳು. ಆ ದಿನ ಮತ್ತೆ ಅತ್ತೆಯ ಬಾಯಿಂದ ಅವಳ ಹೆಸರು ಬಂತು.

ಅಲ್ಲಿಂದ ದಿನಕ್ಕೊಂದು ನಾಳ. ಒಂದು ನಾಳಕ್ಕೆ ಬತ್ತಿ ತುಂಬಲು ಐದು ನಿಮಿಷ ಸಾಕು, ಒಂದು ನಾಳ ಹೊಲಿಯಲು ಅವಳ ದಣಿದ ಕೈಗೆ ಎರಡು ದಿನ ಬೇಕು. ಹೊಲಿಗೆ ಹಿಂದೆ ಬಿತ್ತು, ಬತ್ತಿ ಮುಂದೆ ಹೋಯಿತು. ಹೂಜಿ ತುಂಬಿತು. ಬಳ್ಳಿ ತುಂಬಿತು. ಎಡಗಡೆಯ ಅಂಚು ಬಹುಪಾಲು ತುಂಬಿತು, ಬಲಗಡೆಯ ಅಂಚು ಇನ್ನೂ ಪೆನ್ಸಿಲಿನ ಗೆರೆಯಾಗಿಯೇ ಇತ್ತು. ಬೆಳಗ್ಗೆ ಕಿಟಕಿಗೆ ಹಿಡಿದು ಅವಳು ಏನು ನೋಡುತ್ತಿದ್ದಳು ಎಂಬುದು ನನಗೆ ಬಹಳ ತಡವಾಗಿ ತಿಳಿಯಿತು. ಬೆಳಕು ಸೋರುವ ನಾಳ ಎಷ್ಟಿದೆಯೋ, ಆ ಮನೆಯಲ್ಲಿ ಅವಳ ಹೆಸರು ಇನ್ನು ಅಷ್ಟು ದಿನ.

ಗುಂಪಿಗೆ ಬರುವಾಗ ಅವಳು ಬೇರೊಂದು ಕೆಲಸ ತರುತ್ತಿದ್ದಳು, ಯಾವುದೋ ಹಳೆಯ ದಿಂಬಿನ ಹೊದಿಕೆ. ಪೆತಸ್ಸೂನ್ ಎಲ್ಲಿ ಎಂದರೆ, "ಮನೇಲಿದೆ, ಆಗ್ತಾ ಇದೆ," ಎನ್ನುತ್ತಿದ್ದಳು. ಈಸ್ಟರ್ ಕಳೆದು ಎರಡನೆಯ ಶನಿವಾರ ಬೇರೆ ದಾರಿಯಿರಲಿಲ್ಲ, ತಂದಳು. ಕೂಸು ಹುಟ್ಟಿ ಎರಡು ತಿಂಗಳಾಗಿತ್ತು. ಜ್ಞಾನಸ್ನಾನ ಈಸ್ಟರಾಗಿ ಏಳು ವಾರಕ್ಕೆ ಬರುವ ಪೆಂತೆಕೋಸ್ತ್ ಹಬ್ಬದ ಭಾನುವಾರ ಎಂದು ನಿಶ್ಚಯವಾಗಿತ್ತು.

ಮರೀಸ್ ಬಟ್ಟೆಯನ್ನು ಮೇಜಿನ ಮೇಲೆ ಹರವಿದಳು. ಎಡಗಡೆ ಬಿಗಿದು ಒಳಕ್ಕೆ ಸರಿದಿತ್ತು, ಬಲಗಡೆ ಸಡಿಲವಾಗಿ ಹೊಟ್ಟೆ ಬಿಟ್ಟುಕೊಂಡಿತ್ತು. ಚೌಕದ ಒಂದು ಮೂಲೆ ಇನ್ನೊಂದಕ್ಕಿಂತ ಎರಡು ಬೆರಳು ಗಿಡ್ಡ.

"ಇದನ್ನ ನೀನು ಮಾಡಿದ್ದಾ?" ಎಂದಳು ಮರೀಸ್.

"ಹೌದು."

"ಹೊಲಿಗೆ ಮುಗಿಯೋಕೆ ಮೊದಲೇ ಬತ್ತಿ?"

"ಹೌದು."

"ನಿನಗೆ ಗೊತ್ತಿಲ್ಲದೇ ಅಲ್ಲ."

"ಗೊತ್ತಿದ್ದೇ ಮಾಡಿದ್ದು ಮರೀಸ್."

ಒದೀಲ್ ಕನ್ನಡಕ ಮೇಲೆತ್ತಿ ನೋಡಿದಳು. "ಇರಲಿ ಬಿಡೆ. ಕೂಸೇನು ಅಳತೆಪಟ್ಟಿ ಹಿಡ್ಕೊಂಡು ಬರುತ್ತಾ? ಬಂದು ಉಚ್ಚೆ ಹುಯ್ಯುತ್ತೆ, ಸೊಟ್ಟಗಿದ್ದರೂ ಹುಯ್ಯುತ್ತೆ, ನೆಟ್ಟಗಿದ್ದರೂ ಹುಯ್ಯುತ್ತೆ."

ಎಲ್ಲರೂ ನಕ್ಕರು, ಸೊಲಾಂಜಳೂ ನಕ್ಕಳು. ಮರೀಸ್ ಮಾತ್ರ ನಗಲಿಲ್ಲ. ಅವಳು ಕೆಟ್ಟ ಕೆಲಸವನ್ನು ಕಂಡರೆ ಹಲ್ಲುನೋವು ಬಂದವಳಂತೆ ಆಗುತ್ತಾಳೆ. ಚರ್ಚಿನಲ್ಲಿ ಮುಂದಿನ ಸಾಲಿನಲ್ಲಿ, ಅಳಿಯನ ಮನೆಯವರ ಎದುರು, ಆ ಕುಟುಂಬದ ಹಳೆಯ ಎರಡು ಪೆತಸ್ಸೂನ್‌ಗಳ ಪಕ್ಕದಲ್ಲಿ ಇದನ್ನು ಇಡುತ್ತಾರೆ ಎಂಬುದು ಅವಳಿಗೆ ಗೊತ್ತು. ಸೊಲಾಂಜಳಿಗೂ ಗೊತ್ತು.

ಆ ಸಂಜೆ ಮನೆಗೆ ನಡೆದು ಹೋಗುವಾಗ ಸೊಲಾಂಜ್ ನನಗೆ ಎಲ್ಲವನ್ನೂ ಹೇಳಿದಳು, ನಾನು ಮೇಲೆ ಬರೆದದ್ದನ್ನೆಲ್ಲ. ಬೇಲಿಯ ಪಕ್ಕ ಒಂದು ಕಲ್ಲಿನ ಮೇಲೆ ಕೂತು ಹೇಳಿದಳು, ನಿಂತು ಹೇಳುವ ಶಕ್ತಿ ಇರಲಿಲ್ಲ. ನಾನು ಮನೆಗೆ ಬಂದು ಅವಳಿಗಾಗಿ ಜಪಮಾಲೆ ಹಿಡಿದು ಕೂತೆ. ಏನನ್ನು ಬೇಡಬೇಕೆಂದು ತಿಳಿಯದೆ ಬರೀ ಅವಳ ಹೆಸರನ್ನು ಹೇಳುತ್ತಾ ಹೋದೆ. ಆ ದಿನ ಅವಳ ಹೆಸರನ್ನು ಯಾರಾದರೂ ಹೇಳಬೇಕು ಎನಿಸಿತ್ತು.

ಗುರುವಾರ ಮರೀಸ್ ನನ್ನ ಮನೆಗೆ ಬಂದು, "ನಡಿ, ಸೊಲಾಂಜಳ ಮನೆಗೆ ಹೋಗಿ ಬರೋಣ. ನಾನೊಬ್ಬಳೇ ಹೋದರೆ ಬೈಯೋಕೆ ಬಂದೆ ಅಂದ್ಕೋತಾಳೆ," ಎಂದಳು. ಕೈಯಲ್ಲಿ ಆಲಿವ್ ಹಾಕಿದ ಫುಗಾಸ್ ರೊಟ್ಟಿ ಇತ್ತು. ಸೊಲಾಂಜ್ ಆಗತಾನೆ ಕೆಲಸದಿಂದ ಬಂದು, ಕಾಲನ್ನು ಬೋಗುಣಿಯ ನೀರಿನಲ್ಲಿಟ್ಟುಕೊಂಡು ಕೂತಿದ್ದಳು. ರೇಮೋನ್ ಎದ್ದು ವರ್ಬೇನಾ ಎಲೆಯ ಕಷಾಯಕ್ಕೆ ನೀರಿಟ್ಟ. ಮಮೇ ಮಾರ್ತ್ ಕಿಟಕಿಯ ಬಳಿಯ ಕುರ್ಚಿಯಲ್ಲಿದ್ದರು.

"ಯಾರು?" ಎಂದರು.

"ನಾನು ಮರೀಸ್, ಮಮೇ. ತೆಸ್ಸಿಯೇರ್ ಮನೆಯವಳು."

"ಗೊತ್ತು ಗೊತ್ತು. ನಿಮ್ಮಪ್ಪ ನಮ್ಮ ಏಣಿ ಒಯ್ದವನು ಇನ್ನೂ ತಂದುಕೊಟ್ಟಿಲ್ಲ."

ಮರೀಸಳ ಅಪ್ಪ ಸತ್ತು ಮೂವತ್ತು ವರ್ಷ. "ನಾಳೆ ತರ್ತೀನಿ," ಎಂದಳು.

"ಈ ಮದಾಮ್‌ಗೆ ಸ್ವಲ್ಪ ರಜೆ ಕೊಡಿಸು. ನೋಡು, ಪಾಪ, ಕಾಲು ಹೇಗೆ ಊದಿದೆ," ಎಂದು ಮಮೇ ಮಾರ್ತ್ ಸೊಲಾಂಜಳ ಕಡೆ ಕೈ ತೋರಿಸಿದರು. ಅವರಿಗೆ ಕಾಲು ಕಾಣುತ್ತಿರಲಿಲ್ಲ, ಬೋಗುಣಿಯ ನೀರಿನ ಸದ್ದು ಕೇಳಿ ಹೇಳಿದ್ದು.

ಕಷಾಯ ಬಂತು. ಮರೀಸ್ ಲೋಟವನ್ನು ಮುಟ್ಟದೆ ನೇರ ವಿಷಯಕ್ಕೆ ಬಂದಳು. "ಬಟ್ಟೆ ನನಗೆ ಕೊಡು ಸೊಲಾಂಜ್. ಬತ್ತಿಗಳನ್ನೆಲ್ಲ ಬಿಡಿಸ್ತೀನಿ. ಒದ್ದೆ ಮಾಡಿ ಎಳೆದು ನೆಟ್ಟಗೆ ಮಾಡ್ತೀನಿ. ಬಲಗಡೆ ಅಂಚು ಹೊಲೀತೀನಿ, ಆಮೇಲೆ ಮೊದಲಿಂದ ತುಂಬ್ತೀನಿ. ನನಗೆ ಮನೇಲಿ ಮಾಡೋಕೆ ಬೇರೇನಿದೆ? ನಾಲ್ಕು ವಾರ ಇದೆ, ಸಾಕು. ನೀನು ಆ ಹೊತ್ತಲ್ಲಿ ಮಲಗು. ಯಾರಿಗೂ ಹೇಳೋದಿಲ್ಲ. ಇವಳೂ ಹೇಳೋದಿಲ್ಲ," ಎಂದು ನನ್ನನ್ನು ನೋಡಿದಳು.

ಮರೀಸ್ ತನ್ನ ಜೀವಮಾನದಲ್ಲಿ ಇನ್ನೊಬ್ಬರ ಕೆಲಸಕ್ಕೆ ಕೈ ಹಾಕಿದವಳಲ್ಲ. ಅದು ಎಷ್ಟು ದೊಡ್ಡ ಮಾತು ಎಂಬುದು ನಮಗೆ ಮೂವರಿಗೂ ಗೊತ್ತಿತ್ತು. ಸೊಲಾಂಜ್ ಸ್ವಲ್ಪ ಹೊತ್ತು ಕಣ್ಣು ಮುಚ್ಚಿದಳು. ಒಪ್ಪಿಬಿಡುತ್ತಾಳೆ ಎಂದುಕೊಂಡೆ. ಒಪ್ಪಿಬಿಡಲಿ ಎಂದೂ ಅಂದುಕೊಂಡೆ. ಅವಳ ಮುಖ ಆ ದಿನ ಹಾಗಿತ್ತು.

ರೇಮೋನ್ ಬಾಗಿಲ ಬಳಿಯಿಂದ, "ಕೊಟ್ಟುಬಿಡೇ. ಹಾಳಾದ ಬಟ್ಟೆ, ಅದರಿಂದಾನೇ ನಿನ್ನ ಕಣ್ಣು ಹೋಗ್ತಿರೋದು," ಎಂದ.

ಸೊಲಾಂಜ್ ಕಾಲು ಒರೆಸಿಕೊಂಡು ಎದ್ದು, ಎರಡು ಸಲ ಕೈ ತೊಳೆದು, ಬಿಳಿ ಟವೆಲಿನಲ್ಲಿ ಒರೆಸಿಕೊಂಡು, ಚೀಲದಿಂದ ಬಟ್ಟೆ ತೆಗೆದಳು. ಹೊಲಿದಿಟ್ಟ ಒಂದು ನಾಳಕ್ಕೆ ದಬ್ಬಳ ಹೊಗಿಸಿ, ಎಡಗೈಯಿಂದ ಬತ್ತಿ ಎಳೆದು, ಬಲತುದಿಯಲ್ಲಿ ಕತ್ತರಿಸಿ ತುರುಕಿದಳು. ನಾವು ನೋಡುತ್ತಿದ್ದಂತೆಯೇ ಬಟ್ಟೆ ಇನ್ನೊಂದು ಎಳೆಯಷ್ಟು ಎಡಕ್ಕೆ ಸೊಟ್ಟಗಾಯಿತು. ಮರೀಸ್ ಮುಖ ಬೇರೆ ಕಡೆ ತಿರುಗಿಸಿದಳು.

ಸೊಲಾಂಜ್ ಅದನ್ನು ಅತ್ತೆಯ ಮಡಿಲಿಗೆ ಹಾಕಿದಳು.

ಮಮೇ ಮಾರ್ತ್‌ರ ಬಾಯಿ ಏಣಿಯ ಬಗ್ಗೆಯೇ ಏನೋ ಗೊಣಗುತ್ತಿತ್ತು. ಕೈ ಬೇರೆಯಾಗಿ ಕೆಲಸ ಮಾಡುತ್ತಿತ್ತು. ಹೂಜಿಯ ಬಾಯಿಯನ್ನು ಹುಡುಕಿತು, ಬಟ್ಟೆಯನ್ನು ತಿರುಗಿಸಿತು, ಸವೆದ ನಾಳಗಳನ್ನು ಒಂದೊಂದಾಗಿ ದಾಟಿ ಹೊಸದರ ಮೇಲೆ ಬಂದು ನಿಂತಿತು. ಗೊಣಗುವುದು ನಿಂತಿತು.

"ಸೊಟ್ಟಗೆ ಬಂದಿದೆ," ಎಂದರು.

"ಹೂಂ."

"ಮೊದಲೇ ಬತ್ತಿ ತುಂಬಿದೀಯ. ಬುದ್ಧಿಯಿಲ್ಲ ನಿನಗೆ. ಎಷ್ಟು ಸಲ ಹೇಳಿಕೊಟ್ಟೆ ಸೊಲಾಂಜ್."

"ಎಷ್ಟೋ ಸಲ ಹೇಳಿದ್ದೀರಿ ಅತ್ತೆ."

"ಊಟ ಆಯ್ತಾ?"

"ಇಲ್ಲ. ಮರೀಸ್ ರೊಟ್ಟಿ ತಂದಿದಾಳೆ, ತಿನ್ತೀನಿ."

"ತಿನ್ನು ಮೊದಲು."

ಅವಳು ಒಂದು ತುಂಡು ಮುರಿದು ನಿಂತುಕೊಂಡೇ ತಿಂದಳು. ರೇಮೋನ್ ತಾಯಿಯ ಮುಖವನ್ನೂ ಹೆಂಡತಿಯ ಮುಖವನ್ನೂ ನೋಡಿದ. ಸೊಲಾಂಜ್ ಕೆಲಸದಿಂದ ಬಂದೊಡನೆ ಅವನು ಹೊರಗೆ ಹೋಗುವವನು, ಈ ಸಂಗತಿ ಅವನಿಗೂ ಹೊಸತೆಂದು ಕಾಣುತ್ತದೆ. ಸುಮ್ಮನೆ ಒಂದು ಕುರ್ಚಿ ಎಳೆದು ಹೆಂಡತಿಯ ಹಿಂದೆ ಇಟ್ಟ. ಅವಳು ಕೂತಳು.

ಮರೀಸ್ ಬಹಳ ಹೊತ್ತು ಆ ಹೆಬ್ಬೆರಳನ್ನೇ ನೋಡುತ್ತಿದ್ದಳು. ನಾವು ಹೊರಡುವಾಗ ಹೊಸ್ತಿಲಲ್ಲಿ ನಿಂತು, ಸಣ್ಣ ದನಿಯಲ್ಲಿ ಇನ್ನೊಮ್ಮೆ ಕೇಳಿದಳು.

"ಪೆಂತೆಕೋಸ್ತಿಗೆ ಹೇಗಿದ್ದರೂ ತೊಳೀಲೇಬೇಕು ಸೊಲಾಂಜ್. ತೊಳೆದರೆ ಗಂಟೆಲ್ಲ ಹೋಗುತ್ತೆ. ಎಷ್ಟು ದಿನ ಅಂತ ಹೀಗೆ?"

"ಹೊಲಿದದ್ದರಲ್ಲಿ ಇನ್ನು ಒಂಬತ್ತು ನಾಳ ಖಾಲಿ ಇದೆ. ಬಲಗಡೆ ಅಂಚು ಹೊಲಿದರೆ ಇನ್ನೊಂದು ಹನ್ನೆರಡು."

"ಹಾಗಾದರೆ ಬಲಗಡೆ ಅಂಚಾದರೂ ನನಗೆ ಬಿಡು. ಹೊಲಿದು ಕೊಡ್ತೀನಿ, ತುಂಬಿ ಕೊಡ್ತೀನಿ. ನೀನು ಅವರ ಕೈಗೆ ಕೊಟ್ಟರೆ ಸಾಕು. ಅಷ್ಟು ದಿನ ನಿನಗೆ ನಿದ್ದೆ ಉಳಿಯುತ್ತೆ."

ಸೊಲಾಂಜ್ ಬಾಗಿಲಿಗೆ ಒರಗಿಕೊಂಡಳು. ಒಳಗೆ ಮಮೇ ಮಾರ್ತ್ ಯಾರನ್ನೋ ಮದಾಮ್ ಎಂದು ಕರೆಯುವುದು ಕೇಳಿಸಿತು.

"ಬೇಡ ಮರೀಸ್," ಎಂದಳು. "ನೀನು ಬಲಗೈಯವಳು."